ಗವಸು ಹೊಲಿದ ಕೀಲಿಕೈ

ಹಿರಿಯ ನೆಹೆಮೀಯಪ್ಪನವರ ಕೀಲಿಕೈ ಒಂದು ಮೊಳ ಉದ್ದವಿದೆ. ಇದನ್ನು ನಾನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಹೇಳದಿದ್ದರೆ ಅವರೇ ಬಂದು ಹೇಳುತ್ತಾರೆ. ಹಿತ್ತಾಳೆಯದು, ಹಿಡಿಯ ಮೇಲೆ ದ್ರಾಕ್ಷಿಬಳ್ಳಿ, ಕುತ್ತಿಗೆಗೆ ಹಾಕಿಕೊಂಡರೆ ಹೊಕ್ಕುಳಿನ ತನಕ ಬರುತ್ತದೆ. ಅರವತ್ತೆಂಟು ವರ್ಷ ಅದನ್ನು ಹೊತ್ತು ಅವರ ಕತ್ತು ಮುಂದಕ್ಕೆ ಬಾಗಿದೆ. ಆ ಬಾಗಿದ ಕತ್ತನ್ನು ನಮ್ಮೂರ ಜನ ವಿನಯ ಎಂದು ತಿಳಿದಿದ್ದಾರೆ.

ನಮ್ಮೂರಲ್ಲಿ ಮಗುವಿಗೆ ದೀಕ್ಷಾಸ್ನಾನ ಕೊಟ್ಟು ಪಾದ್ರಿ ಅಯ್ಯನವರು ಅದನ್ನು ತಾಯಿಯ ಕೈಗೆ ಕೊಟ್ಟ ಮೇಲೆ, ಆ ನೀರಿದ್ದ ಕಲ್ಲಿನ ಬೋಗುಣಿಯ ತಳದಲ್ಲಿ ಒಂದು ಕೀಲಿಕೈ ಇರುತ್ತದೆ. ಅದು ಆ ಮಗುವಿನ ಪರಲೋಕದ ಮನೆಯದು. ಊರಿನ ಯಾವ ಬೀಗಕ್ಕೂ ಅದು ಹೊಂದುವುದಿಲ್ಲ. ಒಬ್ಬರಿಗೆ ಗೇಣುದ್ದದ್ದು ಬರುತ್ತದೆ, ಒಬ್ಬರಿಗೆ ಟ್ರಂಕಿನ ಬೀಗಕ್ಕೆ ಹಾಕುವಂಥ ಕಬ್ಬಿಣದ ತುಂಡು. ಯಾರಿಗೆ ಯಾವುದು ಎಂದು ಯಾರು ನಿರ್ಧರಿಸುತ್ತಾರೋ ನಮಗೆ ಗೊತ್ತಿಲ್ಲ. ಆದರೆ ದೊಡ್ಡ ಕೀಲಿಕೈ ಎಂದರೆ ದೊಡ್ಡ ಮನೆ ಎಂದು ಯಾರು ನಿರ್ಧರಿಸಿದರು ಎಂಬುದು ಚೆನ್ನಾಗಿ ಗೊತ್ತಿದೆ. ದೊಡ್ಡ ಕೀಲಿಕೈ ಇದ್ದವರು.

ಅವತ್ತಿನಿಂದ ಊರು ಹಾಗೆಯೇ ನಡೆದುಕೊಂಡು ಬಂದಿದೆ. ದೇವಾಲಯದಲ್ಲಿ ಗೇಣಿಗಿಂತ ಉದ್ದದವರು ಮುಂದಿನ ಬೆಂಚುಗಳಲ್ಲಿ ಕೂರುತ್ತಾರೆ, ಬೆರಳುದ್ದದವರು ಬಾಗಿಲ ಹತ್ತಿರ, ಚಪ್ಪಲಿಗಳ ಪಕ್ಕದಲ್ಲಿ. ಹೆಣ್ಣು ನೋಡಲು ಹೋದವರು ಮೊದಲು ಕೊರಳ ದಾರವನ್ನು ನೋಡುತ್ತಾರೆ, ಆಮೇಲೆ ಮುಖವನ್ನು. ಸಾಯುವ ಹೊತ್ತು ಬಂತೆಂದರೆ ಹಿರಿಯರು ಮನೆಗೆ ಹೋಗಿ ಆ ಕೀಲಿಕೈಯನ್ನು ರೋಗಿಯ ಬಲಗೈಗೆ ಬಿಳಿ ಪಟ್ಟಿಯಿಂದ ಕಟ್ಟುತ್ತಾರೆ, ದಾರಿಯಲ್ಲಿ ಬಿದ್ದುಹೋಗದಿರಲಿ ಎಂದು. ಕೈಯಲ್ಲಿ ಕೀಲಿಕೈ ಇಲ್ಲದವರಿಗೆ ಸ್ಮಶಾನದ ಗೋಡೆಯೊಳಗೆ ಜಾಗವಿಲ್ಲ. ದೀಕ್ಷೆಗೆ ಮುಂಚೆ ಸತ್ತ ಕೂಸುಗಳು ಗೋಡೆಯ ಆಚೆ, ಜಾಲಿಯ ಪೊದೆಗಳ ನಡುವೆ.

ಇನ್ನೊಂದು ಪದ್ಧತಿ ಇದೆ. ಕೀಲಿಕೈಯ ಹಿಡಿಯನ್ನು ಎಲ್ಲರಿಗೂ ತೋರಿಸಬಹುದು, ಹಲ್ಲನ್ನು ಯಾರಿಗೂ ತೋರಿಸಬಾರದು. ತೋರಿಸಿದರೆ ಯಾರಾದರೂ ಅಂಥದ್ದೇ ಮಾಡಿಸಿಕೊಂಡು ನಿಮಗಿಂತ ಮೊದಲು ಹೋಗಿ ನಿಮ್ಮ ಮನೆಯಲ್ಲಿ ಕೂತುಬಿಟ್ಟರೆ? ಅದಕ್ಕೆ ದೀಕ್ಷೆಯಾದ ದಿನವೇ ಅಜ್ಜಿ ಹಲ್ಲಿನ ಮೇಲೆ ಬಟ್ಟೆಯ ಗವಸು ಹೊಲಿದುಬಿಡುತ್ತಾಳೆ. ಅನುಕೂಲಸ್ಥರು ಗವಸಿನೊಳಗೆ ಹತ್ತಿ ತುಂಬಿಸಿ ದಪ್ಪ ಮಾಡಿಸುತ್ತಾರೆ. ಗಂಡನಿಗೆ ಹೆಂಡತಿಯ ಹಲ್ಲು ಗೊತ್ತಿಲ್ಲ, ತಾಯಿಗೆ ಮಗನದು ಗೊತ್ತಿಲ್ಲ. ಗೊತ್ತಿರುವುದು ಒಬ್ಬನಿಗೆ ಮಾತ್ರ, ಬೀಗ ದುರಸ್ತಿ ಮಾಡುವವನಿಗೆ. ವರ್ಷಕ್ಕೊಮ್ಮೆ, ಪುನರುತ್ಥಾನದ ಹಬ್ಬದ ಮುಂಚೆ, ತುಕ್ಕು ಹಿಡಿದ ಕೀಲಿಕೈಗಳು ಅವನ ಅಂಗಡಿಗೆ ಬರುತ್ತವೆ. ಅವನು ಪರದೆಯ ಹಿಂದೆ ಒಬ್ಬನೇ ಕೂತು ಗವಸು ಬಿಚ್ಚಿ, ಉಜ್ಜಿ, ಎಣ್ಣೆ ಹಚ್ಚಿ, ಮತ್ತೆ ಹೊಲಿದು ಕೊಡುತ್ತಾನೆ. ಆ ಒಬ್ಬ ನಾನು. ನನ್ನ ಹೆಸರು ಸೀಲಪ್ಪ. ನನಗಿಂತ ಮೊದಲು ನಮ್ಮಪ್ಪ.

ಮೊದಲ ವರ್ಷ ನಾಲ್ಕು ಕೀಲಿಕೈ ಉಜ್ಜುವಷ್ಟರಲ್ಲಿ ನನ್ನ ಕೈ ನಿಂತಿತು. ಒಂದು ಮೊಳದ್ದಿರಲಿ, ಬೆರಳುದ್ದದ್ದಿರಲಿ, ತುದಿಯ ಹಲ್ಲು ಮಾತ್ರ ಹೆಬ್ಬೆರಳ ಉಗುರಿನಷ್ಟೇ, ಮತ್ತು ಎಲ್ಲದರಲ್ಲೂ ಒಂದೇ ಕಡಿತ. ಎರಡು ಗಿಡ್ಡ, ಒಂದು ಉದ್ದ, ನಡುವೆ ಒಂದು ಕಚ್ಚು. ಬೀಗದ ಕೆಲಸ ಬಲ್ಲವನಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ನಾನು ಎದ್ದು ಹೋಗಿ ಅಪ್ಪನನ್ನು ಕೇಳಿದೆ.

“ಹೌದು, ಎಲ್ಲಾ ಒಂದ ಬಾಗಲದ್ದು,” ಎಂದ ಅಪ್ಪ, ಬೀಡಿ ಹಚ್ಚುತ್ತಾ. “ನಮ್ಮಪ್ಪನೂ ನನಗ ಹಿಂಗ ಹೇಳಿದ್ದ. ಯಾರ ಮುಂದನೂ ಬಾಯಿ ಬಿಡಬ್ಯಾಡ. ಮಾತು ಕೊಡು.”

“ಯಾಕಪ್ಪಾ? ಹೇಳಿದ್ರ ಜನಕ್ಕ ಖುಷಿ ಆಗೂದಿಲ್ಲೇನು?”

“ಹುಚ್ಚ ಇದ್ದಿ. ಜನಕ್ಕ ತಮ್ಮ ತಮ್ಮ ಮನಿ ಬೇಕು. ಎಲ್ಲಾರೂ ಒಂದ ಮನ್ಯಾಗ ಅಂತ ಗೊತ್ತಾದ್ರ ಅರ್ಧ ಊರು ಬರೂದ ಇಲ್ಲ ಅಂತೈತಿ.”

ನಾನು ಮಾತು ಕೊಟ್ಟೆ. ಅದಾಗಿ ಮೂವತ್ತೊಂದು ವರ್ಷ. ಪ್ರತಿ ಭಾನುವಾರ ನಾವೆಲ್ಲ ಗಂಟಲು ಬಿರಿಯುವಂತೆ ತಂದೆಯ ಮನೆ, ತಂದೆಯ ಮನೆ ಎಂದು ಹಾಡುತ್ತೇವೆ. ಯಾರೂ ಒಂದು ಸಲವೂ ಮನೆಗಳು ಎಂದು ಹಾಡಿಲ್ಲ. ಹಾಡಿ ಮುಗಿಸಿ ಹೊರಗೆ ಬಂದು ನಿನ್ನದೆಷ್ಟು ಅಂಕಣ, ನನ್ನದೆಷ್ಟು ಅಂಕಣ ಎಂದು ಲೆಕ್ಕ ಹಾಕುತ್ತೇವೆ. ನನಗೆ ಒಳಗೊಳಗೆ ಉರಿಯುತ್ತಿತ್ತು. ಆದರೆ ಉರಿಯುವುದು ಬೇರೆ, ಬಾಯಿ ಬಿಡುವುದು ಬೇರೆ. ನನ್ನದು ಗೇಣುದ್ದದ ಹಿತ್ತಾಳೆಯದು, ಮೂರನೆಯ ಬೆಂಚು. ನನ್ನ ಹೆಂಡತಿ ತಬಿತಾಳದು ಕಿರುಬೆರಳಿನಷ್ಟಿರುವ ಕಬ್ಬಿಣದ್ದು, ಹನ್ನೊಂದನೆಯ ಬೆಂಚು. ಮದುವೆಯಾದ ಹೊಸತರಲ್ಲಿ ಅವಳು ಒಮ್ಮೆ, “ನಿಮ್ಮ ಮನಿಯಿಂದ ನನ್ನ ಮನಿಗೆ ಎಷ್ಟು ದೂರ ಇರಬಹುದು?” ಎಂದು ಕೇಳಿದ್ದಳು. ನಾನು ಏನೋ ತಮಾಷೆ ಮಾಡಿ ಮಾತು ಹಾರಿಸಿದೆ. ಅವಳು ಮತ್ತೆಂದೂ ಕೇಳಲಿಲ್ಲ.

ಇಷ್ಟೆಲ್ಲ ಹೇಳಿದ್ದು ಮಿಲ್ಕವ್ವನ ಸಲುವಾಗಿ.

ಮಿಲ್ಕವ್ವನದು ರೊಟ್ಟಿಯ ಭಟ್ಟಿ. ನಮ್ಮ ಓಣಿಯಿಂದ ಮೂರನೆಯ ಓಣಿ. ದೇವಾಲಯದಲ್ಲಿ ಕರ್ತನ ಭೋಜನ ಎಂದು ಸಭೆಗೆ ಹಂಚುವ ಪವಿತ್ರ ರೊಟ್ಟಿಯನ್ನು ನಲವತ್ತು ವರ್ಷದಿಂದ ಅವಳೇ ಸುಟ್ಟು ಕಳಿಸುತ್ತಿದ್ದಳು. ನಶ್ಯ ಏರಿಸುತ್ತಿದ್ದಳು, ಬಾಯಿ ಜೋರು, ಸೀದ ರೊಟ್ಟಿ ಸಿಕ್ಕಿತೆಂದು ದೂರಿದವರಿಗೆ ಹಲ್ಲು ಗಟ್ಟಿ ಮಾಡಿಕೊಳ್ಳಲು ಹೇಳುತ್ತಿದ್ದಳು. ಈ ವರ್ಷ ಅವಳ ಮಗಳು ಹೆತ್ತಳು, ಹೆಣ್ಣು ಮಗು. ದೀಕ್ಷೆಗೆ ನಲವತ್ತನೆಯ ದಿನ ಗೊತ್ತು ಮಾಡಿದ್ದರು. ಮಗು ಒಂಬತ್ತನೆಯ ದಿನ ಹೋಯಿತು. ಗೋಡೆಯ ಆಚೆ ಮಣ್ಣು ಮಾಡಿದರು. ಅಯ್ಯನವರು ಗೋಡೆಯ ಈಚೆ ನಿಂತು ಪ್ರಾರ್ಥಿಸಿದರು, ಯಾಕೆಂದರೆ ನಿಯಮ ಹಾಗಿದೆ.

ಮಗಳು ಕೂಸು ಕಳೆದುಕೊಂಡ ಸಂಕಟದಲ್ಲೇ ದಿನ ತಳ್ಳಿದಳು. ಮೂರು ತಿಂಗಳಾದ ಮೇಲೆ ಒಂದು ದಿನ ಮಿಲ್ಕವ್ವ ಭಟ್ಟಿಯ ಮುಂದೆಯೇ ಕುಸಿದು ಹಾಸಿಗೆ ಹಿಡಿದಳು. ವೈದ್ಯರು ವಾರವೋ ಹತ್ತು ದಿನವೋ ಎಂದ ಮೇಲೆ ಹಿರಿಯರು ಬಿಳಿ ಪಟ್ಟಿ ಹಿಡಿದುಕೊಂಡು ಹೋದರು. ಹೋಗಿ ನೋಡಿದರೆ ಮೂರು ತಿಂಗಳಿಂದ ಸೆರಗು ಹೊದ್ದು ಮುಚ್ಚಿದ್ದ ಕೊರಳಲ್ಲಿ ಬರಿ ದಾರ.

“ಕೀಲಿಕೈ ಎಲ್ಲಿ?” ಎಂದರಂತೆ ನೆಹೆಮೀಯಪ್ಪನವರು.

“ಕೂಸಿನ ಕೈಯಾಗ ಕೊಟ್ಟೀನಿ,” ಎಂದಳಂತೆ ಮಿಲ್ಕವ್ವ. “ಅದು ಬರಿಗೈಲೆ ಹ್ಯಾಂಗ ಹೋಗಬೇಕು?”

ಅವತ್ತೇ ತೀರ್ಮಾನವಾಯಿತು. ಅವಳ ಹಾಸಿಗೆಗೆ ಕರ್ತನ ಭೋಜನ ಕಳಿಸುವುದನ್ನು ನಿಲ್ಲಿಸಿದರು. ಕೀಲಿಕೈ ಇಲ್ಲದ ಕೈ ಮೂರು ತಿಂಗಳಿಂದ ಪವಿತ್ರ ಭೋಜನವನ್ನು ಮುಟ್ಟಿದೆಯಲ್ಲ ಎಂದು ತಲೆ ತಲೆ ಚಚ್ಚಿಕೊಂಡರು. ಆದರೆ ಶನಿವಾರ ಬಂದಾಗ ರೊಟ್ಟಿಯ ಬುಟ್ಟಿ ಮಾತ್ರ ಅದೇ ಮನೆಗೆ ಹೋಯಿತು. ಮಿಲ್ಕವ್ವ ಮಲಗಿದಲ್ಲಿಂದಲೇ ಹೇಳಿಕೊಟ್ಟು, ಮಗಳ ಕೈಯಿಂದ ಸುಡಿಸಿ ಕಳಿಸಿದಳು. ಅವಳ ಹಿಟ್ಟು ಬೇಕು, ಅವಳ ಹುಳಿ ಬೇಕು, ಅವಳ ಭಟ್ಟಿಯ ಬೆಂಕಿ ಬೇಕು, ಅವಳು ಬೇಡ.

ಆ ಶನಿವಾರ ಬೆಳಿಗ್ಗೆ ಅವಳು ನನ್ನನ್ನು ಕರೆಸಿದಳು. ಕಳ್ಳ ಕೀಲಿಕೈ ಮಾಡಿಕೊಡು ಎಂದು ಕೇಳಬಹುದು ಅಂದುಕೊಂಡೇ ಹೋದೆ. ಮಾಡಿಕೊಡಲು ತಯಾರಾಗಿಯೂ ಹೋಗಿದ್ದೆ. ಅವಳು ಅದನ್ನು ಕೇಳಲಿಲ್ಲ.

“ಸೀಲಪ್ಪ, ನೀ ಬೀಗದ ಕೆಲಸದಾಂವ. ಒಂದ ಮಾತು ಖರೇ ಹೇಳು. ಬಾಗಲದ ಮ್ಯಾಲೆ ಬೀಗ ಎಷ್ಟು ಎತ್ತರಕ್ಕ ಇರ್ತೈತಿ?”

“ಯಾವ ಬಾಗಲದ್ದು ಯವ್ವಾ?”

“ನನ್ನ ಮನೀದು. ಅಲ್ಲೀದು.” ಅವಳು ಸೂರಿನ ಕಡೆ ಕಣ್ಣಿನಲ್ಲೇ ತೋರಿಸಿದಳು. “ಅವಸರದಾಗ ಕೂಸಿನ ಕೈಯಾಗ ಕೊಟ್ಟಬಿಟ್ಟೆ. ಈಗ ವಿಚಾರ ಬರಾಕತ್ತೈತಿ. ಒಂಬತ್ತು ದಿನದ ಕೂಸು. ಬೀಗಕ್ಕ ಅದರ ಕೈ ನಿಲುಕತೈತೇನು? ನಿಲುಕಿದ್ರೂ ತಿರುವಾಕ ಬರ್ತೈತೇನು? ಒಳಗ ಯಾರೂ ಇಲ್ಲ, ಅದು ನನ್ನ ಮನಿ, ಖಾಲಿ ಮನಿ. ಕೂಸು ಹೊರಗ ಬಿದ್ದಿದ್ರ? ಮೂರು ತಿಂಗಳಾತಲ್ಲೋ.”

ನಾನು ಅವಳ ಮುಖ ನೋಡಲಾರದೆ ಭಟ್ಟಿಯ ಕಡೆ ನೋಡಿದೆ. “ಬೀಗ ಕೆಳಗ ಇರ್ತೈತಿ ಯವ್ವಾ. ಹೊಸ್ತಲದ ಹತ್ರ,” ಎಂದೆ.

“ಸಮಾಧಾನಕ್ಕ ಹೇಳಬ್ಯಾಡ. ಸಮಾಧಾನ ಹೇಳಾಕ ಅಯ್ಯನೋರು ಅದಾರ. ನಿನ್ನ ಕರಿಸಿದ್ದು ನಿನಗ ಬೀಗ ಗೊತ್ತದಾವು ಅಂತ.”

ನನಗೆ ಗೊತ್ತಿತ್ತು. ಒಂದು ಮಾತು ಸಾಕಿತ್ತು. ಅಪ್ಪನಿಗೆ ಕೊಟ್ಟ ಮಾತು ಅಡ್ಡ ಬಂತು. “ವಿಚಾರ ಮಾಡಿ ಹೇಳ್ತೀನಿ,” ಎಂದು ಹೇಳಿ ಎದ್ದು ಬಂದೆ. ಸಾಯುತ್ತಿರುವ ಮುದುಕಿಗೆ ವಿಚಾರ ಮಾಡಿ ಹೇಳುತ್ತೇನೆ ಎಂದು ಹೇಳಿ ಬಂದವನು ನಾನು. ನೆಹೆಮೀಯಪ್ಪನವರನ್ನು ಬೈಯುವ ಮೊದಲು ಇದನ್ನೂ ಬರೆದಿಡಬೇಕು.

ಅಂಗಡಿಗೆ ಬಂದರೆ ಅವರೇ ಅಲ್ಲಿ ನಿಂತಿದ್ದರು, ಮೊಳದುದ್ದದ ಕೀಲಿಕೈಯ ಸಮೇತ.

“ಸೋಮವಾರ ಮುಂಜಾನೆ ಗೋಡಿ ಆಚಿ ಬಾ ಸೀಲಪ್ಪ. ನಿನ್ನ ಸಾಮಾನು ತಗೊಂಡು ಬಾ,” ಎಂದರು.

“ಎದಕ್ರಿ?”

“ಆ ಕೂಸಿನ ಗುಂಡಿ ತಗಸ್ತೀವಿ. ಕೀಲಿಕೈ ಮಣ್ಣಾಗ ಇದ್ದು ತುಕ್ಕು ಹಿಡಿದಿರ್ತೈತಿ. ನೀ ತೊಳದು ಅದು ಮಿಲ್ಕವ್ವಂದು ಹೌದೋ ಅಲ್ಲೋ ಹೇಳಬೇಕು. ಆಮ್ಯಾಲೆ ಅಕಿ ಕೈಗೆ ಕಟ್ಟಿಬಿಡ್ತೀವಿ. ಎಲ್ಲಾ ನೆಟ್ಟಗ ಆಗ್ತೈತಿ.”

“ಕೂಸಿನ ಕೈಯಾಗಿಂದ ಕಸಗೋತೀರೇನ್ರಿ?”

“ಕಸಗೊಳ್ಳೂದಲ್ಲೋ. ಅದರ ಕೈಯಾಗ ಅದು ಇರಬಾರದಿತ್ತು. ದೀಕ್ಷಾ ಇಲ್ಲದ್ದಕ್ಕ ಮನಿ ಎಲ್ಲೀದು? ಇದೇನು ನಾ ಮಾಡಿದ ನಿಯಮ ಅಲ್ಲ.”

“ಮತ್ತ ಯಾರು ಮಾಡಿದ್ದು?”

“ಹಿರಿಯರು ಮಾಡಿದ್ದು.”

“ನೀವ ಅಲ್ರಿ ಹಿರಿಯರು?”

ಅವರು ನನ್ನನ್ನು ದುರುಗುಟ್ಟಿ ನೋಡಿದರು. “ಅಕಿ ಆತ್ಮದ ಒಳ್ಳೇದಕ್ಕ ಓಡ್ಯಾಡಾಕತ್ತೀನಿ ನಾ. ನಿನಗ ತಿಳಿಯೂದಿಲ್ಲ,” ಎಂದು ಹೇಳಿ ಹೊರಟರು. ಅವರ ಮುಖದಲ್ಲಿ ಕೆಟ್ಟತನವಿರಲಿಲ್ಲ, ಅದೇ ನನ್ನ ಮೈ ಉರಿಸಿದ್ದು. ಮಣ್ಣಿನಲ್ಲಿ ಮಲಗಿಸಿದ ಒಂಬತ್ತು ದಿನದ ಕೂಸನ್ನು ಅಗೆದು ತೆಗೆದು, ಮುಷ್ಟಿ ಬಿಡಿಸಿ, ಅದರೊಳಗಿಂದ ಒಂದು ಚೂರು ಕಬ್ಬಿಣ ಕಿತ್ತುಕೊಂಡು ಬರುವುದನ್ನು ಅವರು ಒಳ್ಳೆಯ ಕೆಲಸ ಎಂದು ನಿಜವಾಗಿಯೂ ನಂಬಿದ್ದರು. ಕೆಟ್ಟವರಾಗಿದ್ದರೆ ಎರಡು ಮಾತು ಬೈದು ಹಗುರಾಗಬಹುದಿತ್ತು.

ಮನೆಗೆ ಹೋಗಿ ಊಟಕ್ಕೆ ಕೂತವನು ತುತ್ತು ಎತ್ತಲಿಲ್ಲ. ತಬಿತಾ ಏನಾಯಿತು ಎಂದು ಎರಡು ಸಲ ಕೇಳಿದಳು. ತಲೆನೋವು ಎಂದೆ. ಆಗಲೂ ಹೇಳಲಿಲ್ಲ.

ಭಾನುವಾರ ದೇವಾಲಯಕ್ಕೆ ಹೋಗುವಾಗ ಜೇಬಿನಲ್ಲಿ ಬಟ್ಟೆ ಒಗೆಯುವ ಸಾಬೂನಿನ ಒಂದು ತುಂಡನ್ನು ಹಾಕಿಕೊಂಡೆ. ನಮ್ಮ ಕೆಲಸದಲ್ಲಿ ಕೀಲಿಕೈಯ ಅಚ್ಚು ತೆಗೆಯುವುದು ಅದರ ಮೇಲೆ. ದೇವರ ವಾಕ್ಯದ ಪ್ರಸಂಗ ಮುಗಿಯಿತು. ನಮ್ಮ ಅಯ್ಯನವರು ಇನ್ನೂ ಎಳೆಯರು, ಮೀಸೆ ಬಲಿತಿಲ್ಲ, ಹಿರಿಯರು ಬರೆದುಕೊಟ್ಟ ಚೀಟಿಯನ್ನು ತಲೆ ತಗ್ಗಿಸಿ ಓದಿದರು. ಸೋಮವಾರ ಬೆಳಿಗ್ಗೆ ಗೋಡೆಯ ಆಚೆ ಗುಂಡಿ ತೆಗೆಯುವ ಕೆಲಸವಿದೆ, ಸಭೆಯವರು ಸಹಕರಿಸಬೇಕು. ಸಹಕರಿಸಬೇಕಂತೆ! ಎದುರಿನ ಮೇಜಿನ ಮೇಲೆ ಮಿಲ್ಕವ್ವನ ರೊಟ್ಟಿ ಬಿಳಿ ಬಟ್ಟೆಯ ಕೆಳಗೆ ಮುಚ್ಚಿಕೊಂಡಿತ್ತು.

ನಾನು ಎದ್ದೆ. ಮಾತಾಡಬೇಕೆಂದುಕೊಂಡದ್ದೆಲ್ಲ ಮರೆತುಹೋಯಿತು. ಕೊರಳಿನಿಂದ ಕೀಲಿಕೈ ತೆಗೆದು, ಎಲ್ಲರ ಕಣ್ಣೆದುರಿಗೆ ಗವಸನ್ನು ಹರಿದೆ. ಹೆಂಗಸರು ಸೆರಗು ಬಾಯಿಗೆ ತಂದುಕೊಂಡರು. ಯಾರೋ, “ಏ, ಇವಗ ಹುಚ್ಚು ಹಿಡೀತು!” ಎಂದರು. ಸಾಬೂನಿನ ಮೇಲೆ ನನ್ನ ಕೀಲಿಕೈಯ ಹಲ್ಲನ್ನು ಒತ್ತಿ ಅಚ್ಚು ಎತ್ತಿ ತೋರಿಸಿದೆ.

“ಇದು ನನ್ನದು. ತಬಿತಾ, ನಿನ್ನದು ಕೊಡು,” ಎಂದೆ.

ಹನ್ನೊಂದನೆಯ ಬೆಂಚಿನಿಂದ ತಬಿತಾ ಎದ್ದು ಬಂದಳು. ಅಷ್ಟು ಬೆಂಚು ದಾಟಿ ಅವಳು ಮುಂದಕ್ಕೆ ಬಂದದ್ದು ನಮ್ಮ ಮದುವೆಯ ದಿನ ಬಿಟ್ಟರೆ ಅವತ್ತೇ. ಕೀಲಿಕೈಯನ್ನು ನನ್ನ ಕೈಗೆ ಕೊಡಲಿಲ್ಲ. ಗವಸಿನ ದಾರವನ್ನು ತಾನೇ ಬಾಯಿಂದ ಕಡಿದು, ತಾನೇ ನನ್ನ ಅಚ್ಚಿನೊಳಗೆ ಇಟ್ಟಳು. ಕೂದಲೆಳೆಯಷ್ಟು ಸಂದಿಲ್ಲದೆ ಕೂತಿತು. ಅವಳು ಅದನ್ನು ತೆಗೆದಳು, ಮತ್ತೆ ಇಟ್ಟಳು, ಮತ್ತೆ ತೆಗೆದಳು. ಆಮೇಲೆ ನನ್ನ ಮುಖ ನೋಡಿದಳು. ನಾನು ಸಾಬೂನಿನ ಕಡೆ ನೋಡಿದೆ.

“ಎಲ್ಲಾರದ್ದೂ ಹಿಂಗ ಐತಿ,” ಎಂದೆ, ಸಭೆಯ ಕಡೆ ತಿರುಗಿ. ನನ್ನ ದನಿ ನನಗೇ ಗುರುತು ಸಿಗದಷ್ಟು ಏರಿತ್ತು. “ಮೂವತ್ತೊಂದು ವರ್ಷ ತೊಳದೀನಿ, ಒಂದಾದ್ರೂ ಬ್ಯಾರೆ ನೋಡಿಲ್ಲ. ಒಂದ ಬಾಗಲ ಐತಿ, ಒಂದ ಮನಿ ಐತಿ. ನೀವು ಹಿಡಿ ನೋಡಿ ಬೆಂಚು ಹಾಕೀರಿ, ಹಿಡಿ ನೋಡಿ ಹೆಣ್ಣು ತಂದೀರಿ, ಹಿಡಿ ನೋಡಿ ಗೋಡಿ ಕಟ್ಟೀರಿ. ಈಗ ಕೂಸಿನ ಮುಷ್ಟಿ ಬಿಡಸಾಕ ಹೊಂಟೀರಿ. ಸುಳ್ಳು ಅನ್ನವರು ಬರ್ರಿ, ಇಟ್ಟು ನೋಡ್ರಿ!”

ಮೊದಲು ಚಪ್ಪಲಿಗಳ ಪಕ್ಕದ ಬೆಂಚಿನಿಂದ ಒಬ್ಬ ಮುದುಕಿ ಬಂದಳು. ಅವಳ ಹಿಂದೆ ಶಾಲೆಯ ಮಾಸ್ತರರು. ಅವರ ಹಿಂದೆ ಇನ್ನಿಬ್ಬರು. ಬಿಚ್ಚಿದ ಗವಸುಗಳು ನೆಲದ ಮೇಲೆ ಬಿದ್ದವು, ಕೆಲವುಗಳಿಂದ ಹತ್ತಿ ಹಾರಿತು. ಸಾಬೂನಿನ ಅಚ್ಚು ಒಂದೇ, ಬಂದದ್ದೆಲ್ಲ ಅದರಲ್ಲಿ ಕೂತಿತು. ಅಯ್ಯನವರು ಕೂಡ ಇಳಿದು ಬಂದು ತಮ್ಮದನ್ನು ಇಟ್ಟು ನೋಡಿ, ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು.

ನೆಹೆಮೀಯಪ್ಪನವರು ಮಾತ್ರ ಎದ್ದಿರಲಿಲ್ಲ. ಎರಡೂ ಕೈಯಿಂದ ತಮ್ಮ ಗವಸನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. “ಅಂದ್ರ,” ಎಂದರು ಬಹಳ ನಿಧಾನವಾಗಿ, “ಎಲ್ಲಾರೂ ಒಂದ ಮನ್ಯಾಗ?”

“ಹೌದ್ರಿ.”

“ಆ ಜಾಲಿ ಕೆಳಗಿನವೂ?”

“ಅವು ನಮಗಿಂತ ಮೊದಲ ಹೋಗ್ಯಾವು.”

ಅವರು ಬಾಗಿದ ಕತ್ತನ್ನು ಎತ್ತಲು ಪ್ರಯತ್ನಿಸಿದರು, ಆಗಲಿಲ್ಲ. “ಮತ್ತ ನನ್ನ ಕುತ್ತಿಗಿ?” ಎಂದರು.

ನನಗೆ ಒಂದು ಕ್ಷಣ ಅಯ್ಯೋ ಎನ್ನಿಸಿತು. ಒಂದೇ ಕ್ಷಣ. ಅಷ್ಟರಲ್ಲಿ ಅವರು ಇದನ್ನು ಹಿರಿಯರ ಸಭೆಯಲ್ಲಿ ಚರ್ಚೆಗೆ ಇಡಬೇಕು, ಅಲ್ಲಿಯವರೆಗೆ ಯಾರೂ ಹೊರಗೆ ಮಾತಾಡಬಾರದು ಎಂದು ಹೇಳಿದರು. ಸೋಮವಾರ ಗುದ್ದಲಿ ಹಿಡಿಯಲು ಯಾರೂ ಬರಲಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ನಿಯಮ ಇವತ್ತಿಗೂ ಹಾಗೇ ಇದೆ, ಚರ್ಚೆಯಲ್ಲಿದೆ.

ತಬಿತಾ ನನ್ನ ಕೈಯಿಂದ ಸಾಬೂನನ್ನು ತೆಗೆದುಕೊಂಡು ಮುಂದೆ ಮುಂದೆ ನಡೆದಳು. ಮಿಲ್ಕವ್ವನ ಮನೆಗೆ ಹೋಗಿ, ಅವಳ ತಲೆದಿಂಬಿನ ಪಕ್ಕ ಕೂತು, ಅವಳ ಹೆಬ್ಬೆರಳನ್ನು ಹಿಡಿದು ಅಚ್ಚಿನ ಮೇಲೆ ಇಟ್ಟಳು. ನಾನು ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದೆ. ಮಿಲ್ಕವ್ವ ಕಣ್ಣು ಮುಚ್ಚಿಕೊಂಡು ಕೇಳಿದಳು. ಅವಳ ಬೆರಳು ಆ ಕಚ್ಚಿನ ಮೇಲೆ ಹೋಗಿ ಬಂದು ಮಾಡುತ್ತಿತ್ತು.

“ಹಂಗಾದ್ರ ಖಾಲಿ ಮನಿ ಅಲ್ಲ ಅದು,” ಎಂದಳು.

“ಅಲ್ಲ ಯವ್ವಾ. ತುಂಬಿದ ಮನಿ.”

“ನಮ್ಮವ್ವ ಒಳಗ ಅದಾಳ.”

“ಅದಾಳ.”

“ಕೂಸು ಅಳೂದು ಕೇಳಿದ್ರ ನಮ್ಮವ್ವ ಕೂಡಾಕಿ ಅಲ್ಲ. ಕೈಯಾಗಿನ ಹಿಟ್ಟು ಹಂಗ ಬಿಟ್ಟು ಓಡಿ ಬರಾಕಿ.” ಅವಳು ಒಂದು ಉದ್ದನೆಯ ಉಸಿರು ಬಿಟ್ಟಳು. “ಅವತ್ತ ತಗದಿರ್ತಾಳ ಬಾಗಲ. ನಾ ಇಲ್ಲಿ ಸುಮ್ಮನ ಸುಟ್ಟುಕೊಂಡೆ.” ಕಣ್ಣಿನ ತುದಿಯಿಂದ ನೀರು ಇಳಿದು ಕಿವಿಯೊಳಗೆ ಹೋಯಿತು. ತಬಿತಾ ಸೆರಗಿನಿಂದ ಒರೆಸಿದಳು. ಇದೇ ಸಾಕು, ಇನ್ನು ಹೊರಡೋಣ ಎಂದು ನಾನು ತಿರುಗಿದೆ.

“ನಿಲ್ಲು,” ಎಂದಳು ಮಿಲ್ಕವ್ವ. ದನಿ ಬದಲಾಗಿತ್ತು. “ಇದು ಗೊತ್ತಾಗಿ ನಿನಗ ಎಷ್ಟು ವರ್ಷಾತು?”

“ಮೂವತ್ತೊಂದು.”

“ನಿನ್ನೆ ಇಲ್ಲಿ ಕುಂತಾಗ ಗೊತ್ತಿತ್ತು?”

“ಗೊತ್ತಿತ್ತು.”

“ಮೂರು ತಿಂಗಳು ನಾ ಕಣ್ಣು ಮುಚ್ಚಿಲ್ಲೋ ಸೀಲಪ್ಪ. ಮುಚ್ಚಿದ್ರ ಸಾಕು, ಬಾಗಲ ಮುಂದ ಆ ಕೂಸು. ನೀ ಮೂರು ಓಣಿ ಆಚೆ ಕುಂತು ಮಂದಿ ಬೀಗಕ್ಕ ಎಣ್ಣಿ ಬಿಡಾಕತ್ತಿದ್ದಿ.”

“ನಮ್ಮಪ್ಪಗ ಮಾತು ಕೊಟ್ಟಿದ್ದೆ ಯವ್ವಾ.”

“ನಿಮ್ಮಪ್ಪನೂ ಅಲ್ಲೇ ಅದಾನಲ್ಲ. ಅವಂದೂ ವಿಚಾರಸ್ತೀನಿ.” ಅವಳು ಸಾಬೂನನ್ನು ಎತ್ತಿ ನನ್ನ ಕಡೆ ಎಸೆದಳು. ಕೈಯಲ್ಲಿ ಬಲವಿಲ್ಲದೆ ಅದು ಹಾಸಿಗೆಯ ತುದಿಯಲ್ಲೇ ಬಿತ್ತು. “ಕೇಳು ಇಲ್ಲಿ. ನಾ ಮೊದಲ ಹೋಗಾಕಿ. ನೀ ಬಂದು ಬಾಗಲ ಬಡದಾಗ ಸೀಲಪ್ಪ ಬಂದಾನ ಅಂತ ನನಗ ತಿಳೀತೈತಿ. ತಗೀತೀನಿ. ಆದ್ರ ಲಗೂನ ತಗಿಯಾಂಗಿಲ್ಲ. ಹೊರಗ ನಿಲ್ಲೂದು ಅಂದ್ರ ಏನಂತ ನಿನಗೂ ಗೊತ್ತಾಗಲಿ.”

“ಇನ್ನೂ ಒಂದೀಟು ಹೊತ್ತು ನಿಲ್ಲಿಸು ಯವ್ವಾ,” ಎಂದಳು ತಬಿತಾ. ದೇವಾಲಯ ಬಿಟ್ಟ ಮೇಲೆ ಅವಳು ಆಡಿದ ಮೊದಲ ಮಾತು ಅದು. “ನನ್ನ ಪಾಲಿಂದೂ ಸೇರಿಸಿ.”

ಮಿಲ್ಕವ್ವ ಬುಧವಾರ ಹೋದಳು. ಅವಳು ಮಗಳಿಗೆ ಹೇಳಿಟ್ಟಿದ್ದಂತೆ ಬರಿಗೈಯಲ್ಲೇ, ಗೋಡೆಯ ಆಚೆ, ಕೂಸಿನ ಪಕ್ಕ ಮಣ್ಣು ಮಾಡಿದೆವು. ಈ ಸಲ ಅಯ್ಯನವರು ಗೋಡೆ ದಾಟಿ ಬಂದು ಪ್ರಾರ್ಥಿಸಿದರು. ಅವಳು ಬಾಯಿಮಾತಿಗೆ ಹೇಳುವವಳಲ್ಲ, ನಾನು ಹೋದಾಗ ನನ್ನನ್ನು ಆ ಬಾಗಿಲ ಹೊರಗೆ ನಿಲ್ಲಿಸಿಯೇ ನಿಲ್ಲಿಸುತ್ತಾಳೆ. ಒಳಗೆ ಎಲ್ಲರೂ ಇರುತ್ತಾರೆ, ಕೂಸು ನಗುವುದು ಹೊರಗಿನ ತನಕ ಕೇಳುತ್ತದೆ. ನಾನು ನನ್ನ ಕೀಲಿಕೈಯನ್ನು ಹಿಡಿದುಕೊಂಡು ಬಾಗಿಲ ಮುಂದೆ ನಿಂತಿರುತ್ತೇನೆ, ಅವಳಾಗಿ ತೆಗೆಯುವ ತನಕ ಅದನ್ನು ಬೀಗಕ್ಕೆ ಹಾಕುವುದಿಲ್ಲ.